ಗೇಣು ದೂರದ ಮೈಕು

"ಕೀಂ...!"

ಮೈಕು ಮತ್ತೆ ಕಿರುಚಿತು. ಎಂ.ಸಿ.ಸಿ. ಬಡಾವಣೆಯ ಆ ಶಾಲೆಯ ಹಾಲ್‌ನಲ್ಲಿದ್ದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು. ಸ್ಟೇಜಿನ ಮೇಲಿದ್ದ ಐದನೇ ಕ್ಲಾಸಿನ ರಶ್ಮಿತಾಳ ಹಾಡು ಎರಡನೇ ಸಾಲಿಗೇ ನಿಂತಿತು. ಕರೋಕೆ ಟ್ರ್ಯಾಕ್ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಓಡುತ್ತಿತ್ತು.

ಬೆಳಗ್ಗೆಯಿಂದ ಇದು ಮೂರನೇ ಸಲ. ನಾಳೆಯೇ ಸ್ಕೂಲ್ ಡೇ. ಪುಷ್ಪಲತಾ ಮಿಸ್ ವಾಚ್ ನೋಡಿಕೊಂಡರು. ಇನ್ನೊಂದು ಸಲ ನೋಡುತ್ತೇನೆ, ಆಗಲೂ ಹೀಗೇ ಆದರೆ ಈ ಹಾಡನ್ನೂ ಸ್ನೇಹಾಳಿಗೇ ಕೊಟ್ಟುಬಿಡುತ್ತೇನೆ ಎಂದರು.

ಅದು ರಶ್ಮಿತಾ ಎರಡು ತಿಂಗಳು ಕಲಿತ ಹಾಡು. ಅಜ್ಜಿ ಅನ್ನಪೂರ್ಣಮ್ಮ ನಾಳೆ ಉಡುವ ಸೀರೆಯನ್ನು ನಿನ್ನೆಯೇ ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಪಕ್ಕದ ಮನೆಯವರಿಗೂ ಬರಲು ಹೇಳಿದ್ದಾರೆ.

ಗೆಳತಿ ಸ್ನೇಹಾ ತನ್ನ ಹಾಡು ಹಾಡಿದಾಗ ಮೈಕು ಒಂದು ಸಲವೂ ಕಿರುಚಿರಲಿಲ್ಲ. ಅದೇ ಮೈಕು, ಅದೇ ಸ್ಪೀಕರು. ಇದು ಹೇಗೆ ಸಾಧ್ಯ?

ರಶ್ಮಿತಾ ಇಂಥದ್ದನ್ನೆಲ್ಲ ಸುಮ್ಮನೆ ಬಿಡುವ ಹುಡುಗಿಯಲ್ಲ. ಸೌಂಡ್ ಸೆಟ್ ತಂದವರು ಯಾರು? ಹರಿಹರದ ಮಾಲತೇಶ್. ಮಾಲತೇಶ್ ಯಾರು? ಸ್ನೇಹಾಳ ಸ್ವಂತ ಸೋದರಮಾವ! ಬೆಳಗ್ಗೆ ಸ್ನೇಹಾ ಮಾವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದಳು. ಅವರು ರಶ್ಮಿತಾಳ ಕಡೆ ನೋಡಿ ತಲೆಯಾಡಿಸಿದ್ದರು. ಇನ್ನೇನು ಬೇಕು ಸಾಕ್ಷಿ?

ಅದಕ್ಕೇ ಮಧ್ಯಾಹ್ನ ಸ್ನೇಹಾ ಟಿಫಿನ್ ಡಬ್ಬಿ ತೆಗೆದು ಒಗ್ಗರಣೆ ಮಂಡಕ್ಕಿ ಮುಂದೆ ಚಾಚಿದಾಗ ರಶ್ಮಿತಾ ಬೇಡವೆಂದು ಮುಖ ತಿರುಗಿಸಿದ್ದಳು. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ತಿಂದವರು. ಆದರೇನು? ಮೋಸ ಮೋಸವೇ.

ಟ್ರ್ಯಾಕ್ ಮತ್ತೆ ಶುರುವಾಯಿತು. ರಶ್ಮಿತಾ ಅಜ್ಜಿ ಹೇಳಿದ್ದಂತೆ ಮೈಕನ್ನು ಕರ್ಚೀಫಿನಿಂದ ಒರೆಸಿ, ಬಾಯಿಂದ ಒಂದು ಗೇಣು ದೂರ ಹಿಡಿದಳು. ಆದರೆ ಈ ಸಲ ಅವಳ ಕಣ್ಣು ಮಾಲತೇಶ್ ಅವರ ಬೆರಳಿನ ಮೇಲೇ ಇತ್ತು. ಅವರ ಮುಂದೆ ದನಿ ಏರಿಸಿ ಇಳಿಸುವ ಸಾಲು ಸಾಲು ಬಟನ್ ಇರುವ ಮಿಕ್ಸರ್ ಇತ್ತು. ಅವಳು ಹಾಡತೊಡಗಿದ್ದೇ ತಡ, ಅವರ ಬೆರಳು ಒಂದು ಬಟನ್ನನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ.

"ಕೀಂ...!"

"ಮಿಸ್, ಅಂಕಲ್ ಬೇಕಂತಾನೇ ಮಾಡ್ತಿದಾರೆ! ಅವರೇ ಬಟನ್ ಎತ್ತಿದ್ದು, ನಾನು ನೋಡಿದೆ. ಸ್ನೇಹಾನೇ ಹೇಳಿಕೊಟ್ಟಿದಾಳೆ."

ಹಾಲ್‌ನಲ್ಲಿದ್ದವರೆಲ್ಲ ಸ್ನೇಹಾಳ ಕಡೆ ತಿರುಗಿದರು. ಸ್ನೇಹಾಳ ಮುಖ ಸಪ್ಪಗಾಯಿತು. ಮಿಸ್ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಾಲತೇಶ್ ಎದ್ದು ನಿಂತರು.

"ಎತ್ತಿದ್ದು ನಾನೇ ರೀ ಮಿಸ್. ಹುಡುಗಿ ಸುಳ್ಳು ಹೇಳಿಲ್ಲ," ಎಂದರು. "ಬಾ ಪುಟ್ಟಿ, ನನ್ನ ಜಾಗದಾಗೆ ಕುಂದ್ರು."

ರಶ್ಮಿತಾ ಅನುಮಾನದಿಂದಲೇ ಹೋಗಿ ಕೂತಳು. ಇದೂ ಒಂದು ಮೋಸ ಇರಬಹುದು, ಯಾರಿಗೆ ಗೊತ್ತು? ಮಾಲತೇಶ್ ಸ್ಟೇಜ್ ಹತ್ತಿ, ಮೈಕನ್ನು ಗೇಣು ದೂರ ಹಿಡಿದು, ಅವಳಷ್ಟೇ ಮೆತ್ತಗೆ ಮಾತಾಡತೊಡಗಿದರು. ತುಟಿ ಅಲ್ಲಾಡುವುದು ಕಂಡಿತೇ ಹೊರತು ಏನೂ ಕೇಳಿಸಲಿಲ್ಲ. ಹಿಂದಿನ ಸಾಲಿಗೂ ಕೇಳುವ ಹಾಗೆ ಮಾಡು ಎಂದು ಕೈಸನ್ನೆ ಮಾಡಿದರು.

ಅವಳು ಬಟನ್ ಸ್ವಲ್ಪ ಎತ್ತಿದಳು. ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಎತ್ತಿದಳು. ಹಿಂದಿನವರು ಇನ್ನೂ ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ಇನ್ನೂ ಸ್ವಲ್ಪ...

"ಕೀಂ...!"

ಬೆಂಕಿ ಮುಟ್ಟಿದವಳಂತೆ ರಶ್ಮಿತಾ ಕೈ ಹಿಂದಕ್ಕೆ ಎಳೆದುಕೊಂಡಳು. ಬಟನ್ ಮೇಲಿದ್ದದ್ದು ಅವಳ ಬೆರಳೇ. ಬೇರೆ ಯಾರೂ ಮುಟ್ಟಿರಲಿಲ್ಲ.

ಮಾಲತೇಶ್ ಕೆಳಗಿಳಿದು ಬಂದರು. "ನಿನ್ನ ದನಿ ಕೇಳ್ಸಲಿ ಅಂತ ನಾ ಎತ್ತಿದೆ. ಅಷ್ಟು ಎತ್ತಿದ್ರೆ ಮೈಕು ಸ್ಪೀಕರಿನ ದನೀನೂ ಕೇಳಿಸ್ಕಂತೈತೆ. ಅದನ್ನೇ ಮತ್ತೆ ಸ್ಪೀಕರಿಗೆ ಕಳಿಸ್ತೈತೆ. ಹಂಗೆ ಸುತ್ತಿ ಸುತ್ತಿ ಕಿರುಚ್ತೈತೆ. ಬಾಯಿ ಹತ್ರ ಹಿಡಿ, ನಾ ಎತ್ತೋದೇ ಬ್ಯಾಡ."

ಅವಳು ಎದ್ದು ಅವರ ಜಾಗ ಬಿಟ್ಟುಕೊಟ್ಟಳು.

"ಬೆಳಗ್ಗೆ ಸ್ನೇಹಾ ಹೇಳಿದ್ಲು. ರಶ್ಮಿತಾ ದನಿ ಮೆತ್ತಗೈತೆ ಮಾಮ, ಅವಳಿಗೆ ಸ್ವಲ್ಪ ಜಾಸ್ತಿ ಇಡು ಅಂತ."

ರಶ್ಮಿತಾಳಿಗೆ ಸ್ನೇಹಾಳ ಕಡೆ ನೋಡಲು ಧೈರ್ಯ ಬರಲಿಲ್ಲ.

ಮೈಕನ್ನು ಅಷ್ಟು ದೂರ ಯಾಕೆ ಹಿಡಿಯುತ್ತೀಯ ಎಂದು ಮಾಲತೇಶ್ ಕೇಳಿದರು. ಅವಳು ಮೆಲ್ಲಗೆ ಬಾಯಿಬಿಟ್ಟಳು. "ಎಲ್ಲರೂ ಹಾಡಿರ್ತಾರೆ, ಎಂಜಲು ಸಿಡಿದಿರ್ತೈತೆ, ಬಾಯಿ ಹತ್ರ ತರಬ್ಯಾಡ ಅಂದಿದಾರೆ ಅಜ್ಜಿ."

ಮಾಲತೇಶ್ ನಗಲಿಲ್ಲ. ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ, ಅದಕ್ಕೇ ಮೈಕಿನ ಸ್ಪಾಂಜ್ ಟೋಪಿಗಳನ್ನು ದಿನಾ ತೊಳೆದು ಒಣಗಿಸುತ್ತೇನೆ ಎಂದು ಡಬ್ಬಿ ತೆರೆದು ತೋರಿಸಿದರು. ಆಮೇಲೆ ಸ್ನೇಹಾಳನ್ನು ಕರೆದು ಎರಡು ಸಾಲು ಹಾಡಿಸಿದರು. ಅವಳು ಮೈಕನ್ನು ತುಟಿಯ ಹತ್ತಿರವೇ ಹಿಡಿದಳು. ಬಟನ್ ಅರ್ಧಕ್ಕೂ ಕೆಳಗಿತ್ತು, ಆದರೂ ದನಿ ಹಾಲ್ ತುಂಬಾ ಕೇಳಿಸಿತು. ಹಾಡಿ ಮುಗಿಸಿ, ಮುಖ ನೋಡದೆ ಮೈಕನ್ನು ರಶ್ಮಿತಾಳ ಕೈಗಿಟ್ಟು ಹೋದಳು.

"ಬೇರೆ ಟೋಪಿ ಹಾಕ್ಲಾ?" ಎಂದರು ಮಾಲತೇಶ್.

ರಶ್ಮಿತಾಳ ಕೈ ಕರ್ಚೀಫಿನ ಕಡೆ ಹೋಗಿ ಅಲ್ಲೇ ನಿಂತಿತು. ಐದು ವರ್ಷ ಒಂದೇ ಡಬ್ಬಿಯಲ್ಲಿ ತಿಂದಾಗ ಎಂಜಲು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

"ಬ್ಯಾಡ ಅಂಕಲ್. ಇದೇ ಇರ್ಲಿ."

ಅವಳು ಸ್ಟೇಜ್ ಹತ್ತಿ ಮೈಕನ್ನು ತುಟಿಯ ಹತ್ತಿರ ತಂದಳು. ಸ್ನೇಹಾಳ ಉಸಿರಿಗೆ ಸ್ಪಾಂಜ್ ಇನ್ನೂ ಬೆಚ್ಚಗಿತ್ತು. ಕೊನೆಯ ಸಾಲಿನವರೆಗೂ ಮೈಕು ಒಮ್ಮೆಯೂ ಕಿರುಚಲಿಲ್ಲ. ಪುಷ್ಪಲತಾ ಮಿಸ್ ಲಿಸ್ಟಿನಲ್ಲಿ ಅವಳ ಹೆಸರಿನ ಮುಂದೆ ರೈಟ್ ಮಾರ್ಕ್ ಹಾಕಿದರು.

ರಶ್ಮಿತಾ ಇಳಿದು ಬಂದು ಸ್ನೇಹಾಳ ಪಕ್ಕ ಕೂತಳು.

"ಮಂಡಕ್ಕಿ ಉಳಿದೈತೇನೆ?" ಎಂದಳು.

ಸ್ನೇಹಾ ಸ್ಟೇಜನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಬ್ಯಾಗಿನ ಜಿಪ್ ಎಳೆದು ಡಬ್ಬಿ ತೆಗೆದಳು.