ಅಜ್ಜಿಯ ಮಡಿಗೆ ಬಿದ್ದ ಹನಿ

"ದಯವಿಟ್ಟು... ನೀವು ಸ್ನಾನ ಮಾಡ್ಬೇಡಿ."

ಬಾಗಿಲು ತೆರೆದ ಯುವಕ ಹಾಗೇ ನಿಂತುಬಿಟ್ಟ. ಹೆಗಲ ಮೇಲೆ ಟವೆಲ್ಲು, ಒಂದು ಕೆನ್ನೆಗೆ ಮಾತ್ರ ಸೋಪಿನ ನೊರೆ, ಕೈಯಲ್ಲಿ ರೇಜರು. ಬೆಳಗ್ಗೆ ಐದೂವರೆಗೆ ಒಬ್ಬ ಹುಡುಗಿ ಬಂದು, ಮುಖವನ್ನೂ ನೋಡದೆ, ಹೊಸ್ತಿಲಿಗೆ ಹೇಳುವಂತೆ ಹೀಗೆ ಹೇಳಿದರೆ ಯಾರಾದರೂ ಏನು ಉತ್ತರ ಕೊಟ್ಟಾರು?

"ಇವತ್ತಾ?" ಎಂದ.

"ಇವತ್ತು... ನಾಳೇನೂ... ಸೋರೋದು ನಿಲ್ಲೋವರೆಗೂ."

ಅಷ್ಟು ಹೇಳಿ ಕಾತ್ಯಾಯಿನಿ ಒಂದು ಹೆಜ್ಜೆ ಹಿಂದೆ ಸರಿದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಇಪ್ಪತ್ತೆರಡು ವರ್ಷದಲ್ಲಿ ಗುರುತಿಲ್ಲದ ಗಂಡಸಿನ ಮನೆಬಾಗಿಲು ತಟ್ಟಿದ್ದು ಇದೇ ಮೊದಲು. ಮೆಟ್ಟಿಲು ಹತ್ತುವಾಗ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೆ ಹೋದವೋ...

"ನಾವು ಕೆಳಗಡೆ ಮನೆಯವರು. ನಿಮ್ಮ ಬಚ್ಚಲ ನೀರು ನಮ್ಮ ಬಚ್ಚಲಿಗೆ ಸೋರ್ತಿದೆ. ನಮ್ಮಜ್ಜಿ ಮಡಿ. ಸ್ನಾನ ಮಾಡಿದ ಮೈ ಮೇಲೆ ಹನಿ ಬೀಳತ್ತೆ. ಮೂರು ದಿನದಿಂದ ಊಟ ಮಾಡಿಲ್ಲ."

ಅವನು ನಗಲಿಲ್ಲ. ಟವೆಲ್ಲಿನಿಂದ ನೊರೆ ಒರೆಸಿಕೊಂಡ. ಅರ್ಧ ಗಡ್ಡ ಹಾಗೇ ಉಳಿಯಿತು.

"ಆಯ್ತು ರೀ. ಮಾಡಲ್ಲ."

ಅವನ ಹೆಸರು ರಾಮಪ್ರಸಾದ ಎಂದೂ, ಗಡಿಯಾರದ ಕಾರ್ಖಾನೆಯಲ್ಲಿ ಕೆಲಸವೆಂದೂ, ಆರೂಕಾಲಿನ ಫ್ಯಾಕ್ಟರಿ ಬಸ್ಸಿಗೆ ಹೋಗುತ್ತಾನೆಂದೂ ಅವಳಿಗೆ ಗೊತ್ತಿತ್ತು. ಮಾತಾಡದವರಿಗೆ ಕಣ್ಣು ಜಾಸ್ತಿ. ಆದರೆ ಅವನ ದನಿ ಇಷ್ಟು ಮೆತ್ತಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

೧೯೮೧ರ ಪುಷ್ಯಮಾಸ. ಬೆಳಗಿನ ಜಾವದಲ್ಲಿ ತಣ್ಣೀರು ಮುಟ್ಟಿದರೆ ಬೆರಳು ಸೆಟೆಯುವ ಚಳಿ. ಜಯನಗರ ಒಂಬತ್ತನೇ ಬ್ಲಾಕಿನ ಈ ಮೂರಂತಸ್ತಿನ ಕಟ್ಟಡದ ನಡುವಿನ ಮನೆಗೆ ಅಜ್ಜಿ ಮೊಮ್ಮಗಳು ಬಂದು ಮೂರು ತಿಂಗಳಾಗಿತ್ತು. ಬಸವನಗುಡಿಯ ಹಳೇ ಮನೆಯಲ್ಲಿ ಹಿತ್ತಲಿತ್ತು, ಬಾವಿಯಿತ್ತು. ಅದು ದಾಯಾದಿಗಳ ಪಾಲಾದ ಮೇಲೆ ಈ ಒಂದು ರೂಮು, ಒಂದು ಹಜಾರ, ಒಂದು ಚಿಕ್ಕ ಅಡುಗೆಮನೆ, ಕಿಟಕಿಯಿಲ್ಲದ ಒಂದು ಬಚ್ಚಲು.

ಅಜ್ಜಿ ಅಮ್ಮಣ್ಣಿಯವರಿಗೆ ಎಪ್ಪತ್ತೆರಡು. ದಿನಕ್ಕೆ ಒಂದೇ ಊಟ. ನಸುಕಿನಲ್ಲಿ ತಲೆಗೆ ತಣ್ಣೀರು ಸುರಿದುಕೊಂಡು, ಮಡಿಯುಟ್ಟು, ತಾವೇ ಬೇಯಿಸಿಕೊಂಡು ಉಣ್ಣುವುದು ಐವತ್ತು ವರ್ಷದಿಂದ ತಪ್ಪದ ನೇಮ. ಈಗ ಕೊನೆಯ ತಂಬಿಗೆ ಸುರಿದುಕೊಂಡು ಏಳುವ ಹೊತ್ತಿಗೆ ಸರಿಯಾಗಿ ಸೂರಿನಿಂದ ಟಪ್ಪೆಂದು ಒಂದು ಹನಿ ಬೀಳುತ್ತಿತ್ತು. ಮೇಲಿನ ಮನೆಯವರ ಬಚ್ಚಲ ನೀರು... ಮತ್ತೆ ಸ್ನಾನ. ಮತ್ತೆ ಹನಿ. ನಾಲ್ಕು ಸಲ, ಐದು ಸಲ. ಕೊನೆಗೆ ನಡುಗುತ್ತಾ ಹೊರಗೆ ಬಂದು, ಮಡಿಯಿಲ್ಲದೆ ಒಲೆ ಮುಟ್ಟಲಾರದೆ, ಗೋಡೆಗೆ ಒರಗಿ ಕೂತುಬಿಡುತ್ತಿದ್ದರು.

ಕಾತ್ಯಾಯಿನಿ ಒಂದು ದಿನ ಬಚ್ಚಲಲ್ಲಿ ಕೊಡೆ ಹಿಡಿದು ನಿಂತದ್ದೂ ಆಯಿತು.

"ಅದನ್ನ ಯಾರ್ಯಾರು ಮುಟ್ಟಿದಾರೋ. ಅದರ ನೆರಳಲ್ಲಿ ನಾನು ಸ್ನಾನ ಮಾಡ್ಲಾ? ತೆಗಿಯೇ ಆಚೆಗೆ," ಎಂದರು ಅಜ್ಜಿ.

"ಹಾಲಾದ್ರೂ ಕುಡಿ ಅಜ್ಜಿ. ಹಾಲಿಗೆ ಮೈಲಿಗೆ ಇಲ್ವಲ್ಲ."

"ಸಾಯೋ ಕಾಲಕ್ಕೆ ಕಂಡೋರ ಬಚ್ಚಲ ನೀರು ತಲೆ ಮೇಲೆ ಹಾಕ್ಕೊಂಡು ಹೊಟ್ಟೆ ತುಂಬಿಸ್ಕೋ ಅಂತೀಯಾ ಕಾತಿ?"

ಪ್ಲಂಬರ್ ಉಗ್ರಪ್ಪ ಬಂದು, ಕತ್ತೆತ್ತಿ ನೋಡಿ, "ಇದು ಮೇಲಿನ ಮನೇದೇ ಕಣಮ್ಮ" ಎಂದು ಬೀಡಿ ಹಚ್ಚಿಕೊಂಡು ಹೋಗಿದ್ದ. ಆ ಮಾತು ನಂಬಿಯೇ ಅವಳು ಮೇಲೆ ಹೋದದ್ದು.

ಮಾರನೇ ಬೆಳಗ್ಗೆ ಕಾತ್ಯಾಯಿನಿ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಳು.

ಟಪ್...

ನಿಂತಿರಲಿಲ್ಲ. ಅದರ ಮರುದಿನವೂ ನಿಲ್ಲಲಿಲ್ಲ. ನಸುಕಿನಲ್ಲಂತೂ ಹನಿ ಇನ್ನೂ ಜೋರು, ಸರಿಯಾಗಿ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೇ.

"ಗಂಡಸರ ಮಾತು ನಂಬ್ಕೊಂಡು ಕೂತಿದೀಯಲ್ಲೇ," ಎಂದಳು ಎದುರು ಮನೆಯ ವಿಮಲಾ. "ದಿನಾ ತಲೆ ಬಾಚಿ ಪೌಡರ್ ಹಾಕ್ಕೊಂಡು ಇಳಿದು ಹೋಗ್ತಾನೆ. ಸ್ನಾನ ಮಾಡ್ದೆ ಯಾರಾದ್ರೂ ಹಂಗೆ ಘಮ ಘಮ ಅಂತಾರಾ?"

ಹೌದಲ್ಲ... ನನ್ನ ಮುಂದೆ ಅಷ್ಟು ಮೆತ್ತಗೆ ಮಾತಾಡಿ, ಬಾಗಿಲು ಹಾಕಿಕೊಂಡ ಮೇಲೆ ನಕ್ಕಿರಬೇಕು! ಕಾತ್ಯಾಯಿನಿಯ ಮೈಗೆ ಬೆಂಕಿ ಬಿದ್ದಂತಾಯಿತು.

ಆರನೆಯ ದಿನ, ಭಾನುವಾರ ಬೆಳಗ್ಗೆ, ಅಜ್ಜಿ ಬಚ್ಚಲಲ್ಲೇ ಕುಸಿದರು. ಡಾಕ್ಟರು ಬಂದು ನಾಡಿ ಹಿಡಿದು, "ಇವತ್ತು ಹೊಟ್ಟೆಗೇನಾದ್ರೂ ಬೀಳ್ಲೇಬೇಕು. ಇಲ್ದಿದ್ರೆ ನಾಳೆ ಆಸ್ಪತ್ರೆಗೆ ಸೇರಿಸಿ," ಎಂದು ಹೇಳಿ ಹೋದರು.

ಆಸ್ಪತ್ರೆಯ ನೀರು ಅಜ್ಜಿಯ ಬಾಯೊಳಗೆ ಇಳಿದೀತೆ? ತಂದೆತಾಯಿ ಇಲ್ಲದವಳಿಗೆ ಇದ್ದದ್ದು ಈ ಒಂದು ಜೀವ. ಇದೂ ಹೋದರೆ... ಮುಂದೆ ಯೋಚಿಸಲಾರದೆ ಅವಳು ಬಾಗಿಲಿಗೆ ಬಂದಳು. ರಾಮಪ್ರಸಾದ ಕೈಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ತಲೆಗೂದಲು ಒದ್ದೆಯಾಗಿತ್ತು.

"ಸುಳ್ಳು ಹೇಳಿದ್ರಲ್ಲ ನೀವು," ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ಮಾಡಲ್ಲ ಅಂದ್ರಿ. ನಿಮ್ಮ ಸೋಪಿನ ವಾಸನೆಗೋಸ್ಕರ ನಮ್ಮಜ್ಜಿ ಸಾಯ್ಬೇಕಾ?"

"ಇಲ್ಲ ರೀ. ನಾನು ಆವತ್ತಿಂದ ಸುದ್ದಗುಂಟೆಪಾಳ್ಯದಲ್ಲಿ ಸ್ನೇಹಿತನ ರೂಮಿಗೆ ಹೋಗಿ ಸ್ನಾನ ಮಾಡ್ತಿದೀನಿ. ಈಗ ಅಲ್ಲಿಂದಾನೇ..."

"ನಂಬಬೇಕಾ ಇದನ್ನ? ಮನೆ ಖಾಲಿ ಮಾಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಖಾಲಿ ಮಾಡ್ಕೊಂಡು ಹೋಗ್..."

ಮಾತು ಮುಗಿಯಲಿಲ್ಲ, ಅಳು ಮುನ್ನುಗ್ಗಿತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಅರ್ಧ ಗಂಟೆಯ ಮೇಲೆ ಬಾಗಿಲು ಸದ್ದಾಯಿತು. ತೆರೆದವಳು ಬೆಚ್ಚಿದಳು.

ರಾಮಪ್ರಸಾದ ಒದ್ದೆ ಪಂಚೆಯಲ್ಲಿ ನಿಂತಿದ್ದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರೂ ತೊಳೆದು ಒದ್ದೆಯಾಗಿತ್ತು.

"ಕಾಂಪೌಂಡ್ ನಲ್ಲೀಲಿ ಸ್ನಾನ ಮಾಡ್ಕೊಂಡು ಬಂದಿದೀನಿ. ನಮ್ಮ ಸೋದರತ್ತೇನೂ ಮಡಿ. ಹಂಗೇ ಬಂದ್ರೆ ನಿಮ್ಮಜ್ಜಿ ಬಚ್ಚಲೊಳಗೆ ಬಿಟ್ಕೊಳ್ಳಲ್ಲ ಅಂತ ಗೊತ್ತು. ತಾರಸಿ ಟ್ಯಾಂಕಿನ ವಾಲ್ವ್ ಮುಚ್ಚಿದೀನಿ. ಒಂದ್ಸಲ ನೋಡಿಬಿಡ್ತೀನಿ."

ಹಾಸಿಗೆಯಿಂದ ಅಜ್ಜಿಯ ಕ್ಷೀಣ ದನಿ ಬಂತು. "ಯಾರೇ ಅದು?"

"ಕೆಲಸದವರು ಅಜ್ಜಿ. ಸ್ನಾನ ಮಾಡಿದಾರೆ," ಎಂದಳು ಕಾತ್ಯಾಯಿನಿ.

ಸ್ಟೂಲು ಹತ್ತಿ ಅವನು ಸೂರಿನ ಸುಣ್ಣ ಕೆರೆದ. ಅವಳು ಸ್ಟೂಲು ಅಲುಗದಂತೆ ಹಿಡಿದು, ತಲೆಯೆತ್ತದೆ ನಿಂತಳು. ಸುಣ್ಣದ ಕೆಳಗೆ ಒಂದು ಪೈಪು ಕಂಡಿತು. ಅದು ಮೇಲಿನ ಮನೆಯದಲ್ಲ. ತಾರಸಿಯಿಂದ ಈ ಮನೆಯ ನಲ್ಲಿಗೇ ಇಳಿದು ಬರುವ ಪೈಪು. ಅದರ ಜಾಯಿಂಟನ್ನು ಅವನು ತಿರುಗಿಸಿ ಬಿಚ್ಚಿದ. ವಾಷರ್ ಇರಬೇಕಾದ ಜಾಗದಿಂದ ಕೊಳೆತ ನೂಲಿನ ಸುರುಳಿಯೊಂದು ಅವನ ಅಂಗೈಗೆ ಬಿತ್ತು.

ಕಾತ್ಯಾಯಿನಿ ತಲೆಯೆತ್ತಿದಳು.

ಆ ನೂಲು ಹೊಸೆದವಳು ಅವಳೇ.

ಈ ಮನೆಗೆ ಬಂದ ಮೊದಲ ದಿನ ಅಜ್ಜಿ ಉಗ್ರಪ್ಪನನ್ನು ಕರೆಸಿದ್ದರು. ನಲ್ಲಿಯ ವಾಷರ್ ಚರ್ಮದ್ದು, ಚರ್ಮ ಮುಟ್ಟಿದ ನೀರು ಮಡಿಗೆ ಬಾರದು ಎಂದು ಹಟ ಹಿಡಿದು, ಇದ್ದಬದ್ದ ವಾಷರ್‌ಗಳನ್ನೆಲ್ಲ ಕೀಳಿಸಿ, ದೀಪದ ಬತ್ತಿಯ ಹತ್ತಿಯಿಂದ ಮೊಮ್ಮಗಳ ಕೈಲಿ ನೂಲು ಹೊಸೆಸಿ, ಅದನ್ನು ಸುತ್ತಿಸಿದ್ದರು. ಆ ನೂಲು ಕೊಳೆತಿತ್ತು. ನಸುಕಿನಲ್ಲಿ ಟ್ಯಾಂಕಿಗೆ ನೀರು ತುಂಬಿದಾಗಲೆಲ್ಲ ಅಲ್ಲಿಂದಲೇ ಹನಿಯುತ್ತಿತ್ತು.

ಅಂದರೆ ಈ ಆರು ದಿನ ಅಜ್ಜಿಯ ತಲೆಯ ಮೇಲೆ ಬಿದ್ದದ್ದು ಅಜ್ಜಿಯದೇ ಮಡಿನೀರು!

ರಾಮಪ್ರಸಾದ ಅವಳ ಮುಖ ನೋಡಿದ. ಏನೂ ಕೇಳದೆಯೇ ಅವನಿಗೆ ಅರ್ಥವಾಯಿತು.

"ನಮ್ಮತ್ತೇನೂ ಹಿಂಗೇ ಮಾಡ್ಸಿದ್ರು," ಎಂದ ಪಿಸುದನಿಯಲ್ಲಿ. ನಡುವಿಗೆ ಸಿಕ್ಕಿಸಿಕೊಂಡಿದ್ದ ಹೊಸ ಸೈಕಲ್ ಟ್ಯೂಬಿನ ಚೂರನ್ನು ಬ್ಲೇಡಿನಿಂದ ದುಂಡಗೆ ಕತ್ತರಿಸಿ ಕೂರಿಸಿದ. "ಇದು ರಬ್ಬರು. ಆದ್ರೆ ವಾಷರ್ ಅಂದ ತಕ್ಷಣ ನಿಮ್ಮಜ್ಜಿ ಚರ್ಮ ಅಂತಾರೆ. ಆಮೇಲೆ ಈ ನೀರೂ ಮುಟ್ಟಲ್ಲ. ಇವತ್ತು ಅವರು ಉಣ್ಣಬೇಕು. ನೀವು ಸುಮ್ನಿರಿ."

ಹೊರಗೆ ಬಂದು, ಹಾಸಿಗೆಯಿಂದ ದೂರ ನಿಂತು, ಕೈಮುಗಿದ. "ಅಮ್ಮ, ನಾನು ಮೇಲಿನ ಮನೆಯವನು. ತಪ್ಪು ನಮ್ಮ ಮನೇದೇ. ಸರಿ ಮಾಡಿದೀನಿ. ಇನ್ನು ಸೋರಲ್ಲ."

ಅಜ್ಜಿ ಮೊಣಕೈಯೂರಿ ಎದ್ದರು. ಆ ಒಣಗಿದ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿತ್ತೋ. "ಆರು ದಿನ ಒಬ್ಬ ಮುದುಕೀನ ಉಪವಾಸ ಕೆಡವಿ ಈಗ ಬಂದ್ಯಾ? ಹೋದ ಕಡೆ ನಿಂಗೆ ನೀರು ಹುಟ್ಟದೇ ಹೋಗ್ಲಿ."

ಅವನು ತಲೆ ತಗ್ಗಿಸಿಕೊಂಡೇ ಹೋದ.

ಹೇಳು ಕಾತ್ಯಾಯಿನಿ, ಈಗಲಾದರೂ ಬಾಯಿ ಬಿಡು... ಆದರೆ ನಾಲಿಗೆ ಏಳಲಿಲ್ಲ. ಮಧ್ಯಾಹ್ನ ಅಜ್ಜಿ ಸ್ನಾನ ಮಾಡಿದರು. ಹನಿ ಬೀಳಲಿಲ್ಲ. ತಾವೇ ಗಂಜಿ ಬೇಯಿಸಿ ಎರಡು ಸೌಟು ಕುಡಿದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕಾತ್ಯಾಯಿನಿ ಅತ್ತಳು. ಸಂತೋಷಕ್ಕೋ, ನಾಚಿಕೆಗೋ, ಅವಳಿಗೇ ತಿಳಿಯದು.

ಅಜ್ಜಿಯ ಬೈಗುಳ ಕೆಳಗೆ ವಾಸವಿದ್ದ ಮನೆ ಮಾಲೀಕ ಬದರಿನಾಥರಿಗೂ ಕೇಳಿಸಿತ್ತು. "ತಪ್ಪು ಅಂತ ಅವನೇ ಒಪ್ಕೊಂಡ್ನಲ್ಲ. ಅಂಥೋರು ನಮ್ಮ ಕಟ್ಟಡಕ್ಕೆ ಬೇಡ. ಮುಂದಿನ ಭಾನುವಾರದೊಳಗೆ ಖಾಲಿ ಮಾಡು ಅಂದಿದೀನಿ," ಎಂದು ಅವರು ಬಂದು ಹೇಳಿದಾಗ ಅಜ್ಜಿ ತಲೆದೂಗಿದರು.

ಆ ವಾರವೆಲ್ಲ ಅವಳು ಮೆಟ್ಟಿಲ ಮೇಲಿನ ಅವನ ಹೆಜ್ಜೆ ಸದ್ದಿಗೆ ಕಿವಿಯಾದಳು. ತಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ಹೆಜ್ಜೆ ನಿಧಾನವಾಗುತ್ತಿತ್ತು. ಅವಳು ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ತೆಗೆಯುತ್ತಿರಲಿಲ್ಲ. ಹೇಳಿದರೆ ಅಜ್ಜಿ ಮತ್ತೆ ಉಣ್ಣುವುದು ಬಿಟ್ಟರೆ? ಹೇಳದಿದ್ದರೆ ಅವನು ಹೋಗಿಯೇಬಿಡುತ್ತಾನಲ್ಲ...

ಭಾನುವಾರ ಬಂತು. ಬೆಳಗ್ಗೆ ಹತ್ತಕ್ಕೆ ಕಿಟಕಿಯಿಂದ ನೋಡಿದರೆ ಗೇಟಿನ ಮುಂದೆ ತಳ್ಳುಗಾಡಿ. ಅದರ ಮೇಲೆ ಸುತ್ತಿದ ಹಾಸಿಗೆ, ಟ್ರಂಕು, ಸೀಮೆಎಣ್ಣೆ ಸ್ಟೌ. ಒಂಟಿ ಮನುಷ್ಯನ ಸಂಸಾರ ಅಷ್ಟೇ. ಗಾಡಿ ಹೊರಟಿತು.

ಇತ್ತ ಅಜ್ಜಿ ಎಲೆ ಮುಂದೆ ಕೂತಿದ್ದರು. ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಎತ್ತಿದ್ದರು.

"ಅಜ್ಜಿ, ಸೋರ್ತಿದ್ದದ್ದು ಮೇಲಿನ ಮನೇದಲ್ಲ."

ತುತ್ತು ಅಲ್ಲೇ ನಿಂತಿತು.

"ನಮ್ಮದೇ ಪೈಪು. ನಾನು ಹೊಸೆದ ನೂಲು ಕೊಳೆತಿತ್ತು. ಅವರು ನೋಡಿದ್ರು, ನಾನೂ ನೋಡ್ದೆ. ನೀನು ಉಣ್ಣಲಿ ಅಂತ ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ನಾನು ಬಾಯಿ ಬಿಡಲಿಲ್ಲ."

"ಈಗ ಅಲ್ಲಿ ಏನು ಹಾಕಿದಾನೆ?" ಅಜ್ಜಿಯ ದನಿ ತಣ್ಣಗಿತ್ತು. "ಚರ್ಮಾನಾ?"

"ರಬ್ಬರು. ಗಿಡದಿಂದ ಬರತ್ತಂತೆ ಅಜ್ಜಿ. ಮರದ ಹಾಲು ಅದು. ಶಾಲೇಲಿ ಓದಿದ್ದೆ."

ಅಜ್ಜಿ ತುಂಬಾ ಹೊತ್ತು ಎಲೆಯನ್ನೇ ನೋಡಿದರು. ಕಾತ್ಯಾಯಿನಿ ಅವರ ಕೈಯನ್ನೇ ನೋಡುತ್ತಾ ನಿಂತಳು. ಅಜ್ಜಿ ಏಳುತ್ತಾರೆ... ಎಲೆ ಬಿಟ್ಟು ಎದ್ದೇಬಿಡುತ್ತಾರೆ...

"ಮರದ ಹಾಲಿಗೆ ಎಲ್ಲಿಯ ಮೈಲಿಗೆ," ಎಂದರು ಅಜ್ಜಿ ಕೊನೆಗೆ. "ಮೈಲಿಗೆ ಆಗಿರೋದು ನನ್ನ ನಾಲಿಗೆ ಕಣೇ. ನೂಲು ಹಾಕು ಅಂದೋಳು ನಾನು, ಶಾಪ ಅವನಿಗೆ." ತುತ್ತನ್ನು ಎಲೆಗಿಳಿಸಿದರು. "ಹೋಗಿ ಕರ್ಕೊಂಡ್ ಬಾ. ಬದರಿಗೆ ನಾನು ಹೇಳ್ತೀನಿ. ಆ ಹುಡುಗ ಬರೋವರೆಗೂ ಇದನ್ನ ಮುಟ್ಟಲ್ಲ."

"ಅಯ್ಯೋ, ಮತ್ತೆ ಉಪವಾಸಾನಾ ಅಜ್ಜಿ?"

"ಹಂಗಂತ ನಿಂತ್ಕೊಂಡಿರು. ಗಾಡಿ ದೂರ ಹೋಗತ್ತೆ."

ಕಾತ್ಯಾಯಿನಿ ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದಳು. ಬೀದಿಯಲ್ಲಿ ಜನರಿದ್ದರು. ವಿಮಲಾ ಬಾಗಿಲಲ್ಲಿ ನಿಂತು ಏನೋ ಕೂಗಿದಳು. ಯಾವುದೂ ಕಿವಿಗೆ ಬೀಳಲಿಲ್ಲ. ತಿರುವಿನಲ್ಲಿ ಗಾಡಿ ಕಂಡಿತು.

"ರೀ... ನಿಂತ್ಕೊಳ್ಳಿ."

ರಾಮಪ್ರಸಾದ ತಿರುಗಿದ. ಅವಳ ಧೂಳು ಮೆತ್ತಿದ ಪಾದ ನೋಡಿ ಗಾಬರಿಯಾದ. "ಅಜ್ಜಿಗೇನಾಯ್ತು?"

"ಏನೂ ಆಗಿಲ್ಲ. ಹೇಳ್ಬಿಟ್ಟೆ. ಎಲ್ಲಾ ಹೇಳ್ಬಿಟ್ಟೆ. ಅವತ್ತೇ ಹೇಳ್ಬೇಕಿತ್ತು, ನಂಗೆ ಮಾತು ಬರಲ್ಲ... ಅಜ್ಜಿ ಕರೀತಿದಾರೆ. ನೀವು ಬಂದ್ರೇನೇ ಊಟ ಅಂತೆ."

ಅವನು ಗಾಡಿಯವನಿಗೆ ನಿಲ್ಲುವಂತೆ ಕೈ ತೋರಿಸಿದ. "ಅಜ್ಜಿಗೋಸ್ಕರ ಬರ್ಬೇಕಾ?"

ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಅಜ್ಜಿ ಹೋಗು ಅಂದ್ರು ಅಷ್ಟೆ. ಓಡಿದ್ದು ನಾನು."

ಅವನ ಕಣ್ಣು ತುಂಬಿ ಬಂತು. "ಆವತ್ತು ಮೆಟ್ಟಿಲ ಮೇಲೆ ಬೈತಾ ಬೈತಾ ಅತ್ತುಬಿಟ್ರಲ್ಲ... ಆಮೇಲೆ ನಂಗೆ ಮೇಲಕ್ಕೆ ಹತ್ತೋಕೂ ಆಗ್ಲಿಲ್ಲ, ಕೆಳಗೆ ಇಳಿಯೋಕೂ ಆಗ್ಲಿಲ್ಲ. ಈ ಗಾಡಿ ಹಿಂದೆ ಬಂದಿರೋದು ಬರೀ ಕಾಲು."

ಗಾಡಿಯವನು ಬೆವರು ಒರೆಸಿಕೊಂಡ. "ಏನ್ ಸಾರ್, ಮುಂದಕ್ಕಾ, ಹಿಂದಕ್ಕಾ?"

"ಹಿಂದಕ್ಕೆ ಅಣ್ಣ," ಎಂದಳು ಕಾತ್ಯಾಯಿನಿ.

ಗಾಡಿ ತಿರುಗಿತು. ಅವರಿಬ್ಬರೂ ಅದರ ಹಿಂದೆ ನಡೆದರು, ನಡುವೆ ಒಂದು ಮಾರು ಅಂತರ ಬಿಟ್ಟು.

"ಬದರಿನಾಥರು ಈಗಾಗ್ಲೇ ಬೀಗ ಹಾಕಿರ್ತಾರೆ," ಎಂದ ಅವನು. "ಸಾಮಾನೆಲ್ಲ ಎಲ್ಲಿಡ್ಲಿ?"

"ಸದ್ಯಕ್ಕೆ ನಮ್ಮ ಹಜಾರದಲ್ಲಿ."

"ಆಮೇಲೆ?"

ಅವಳ ಕಿವಿಯವರೆಗೂ ಕೆಂಪೇರಿತು.

"ಆಮೇಲಿಂದು... ಊಟ ಆದ್ಮೇಲೆ ಅಜ್ಜೀನೇ ಕೇಳಿ. ನಾನು ಅಡುಗೆಮನೇಲಿ ಕೇಳಿಸ್ಕೋತಾ ಇರ್ತೀನಿ."