ಏರ್ಕಾಡ್ ಬಂಗಲೆಯ ಬೆಳ್ಳಿ ದೀಪ

"ಬೆಳ್ಳಿ ದೀಪ ಈಚೆಗ್ ಬರೋಗಂಟ ಗೇಟ್ ತೆಗಿಯಲ್ಲ!"

ಎಷ್ಟೋ ದಿನದ್ ಮೇಲೆ ಬೆಳಬೆಳಗ್ಗೆ ಬಂದಿಳಿದಿದ್ದ ಬಂಗಲೆ ಓನರಮ್ಮ ಅರ್ಚನಾ ಕೂಗಾಡ್ತಿದ್ಳು. ಕಾಫಿ ತೋಟಕ್ಕೆ ಓಗೋ ಹೆಂಗಸ್ರೆಲ್ಲ ಗೇಟಾಚೆ ನಿಂತು ನೋಡ್ತಿದ್ರು. ನಂಗೆ ಮೈಯೆಲ್ಲ ಉರಿ.

ಬೀಚ್ ಪಕ್ಕದ್ ಮನೆ ಬಾಡಿಗೆಗೆ ಕೇಳಿದ್ವಿ, ರಜೇಲಿ ಎಲ್ಲಿ ಸಿಗುತ್ತೆ? ಅದಕ್ಕೇ ಸೇಲಂನಿಂದ ಮೇಲ್ ಹತ್ತಿ ಈ ದೊಡ್ ಬಂಗಲೆಗೆ ಬಂದ್ವಿ. ಮೂರೇ ಜನ. ನಾನು ಜೀವಿತಾ, ಲಕ್ಷ್ಮಕ್ಕ ದೊಡ್ಡಮ್ಮ, ಶಶಿರೇಖಾ ಚಿಕ್ಕಮ್ಮ. ನಮ್ ಬೀದೀಲಿ ಏನ್ ಕಳೆದೋದ್ರೂ ಜನ ಓಡ್ಬರೋದು ಚಿಕ್ಕಮ್ಮನ ಹತ್ರಾನೇ. ನಾನು ಅವ್ರ ಬಾಲ.

ಬಸ್ಸು ಬೆಟ್ಟ ಹತ್ತೋವಾಗ್ಲೇ ಫೋನ್ ಬಂದಿತ್ತು. ಧರ್ಮಪುರೀಲಿ ದೊಡ್ಡಮ್ಮನ ಮಗನಿಗೆ ಹೆಣ್ಮಗು, ಅದೂ ದಿನ ತುಂಬೋಕ್ ಮುಂಚೇನೇ! ನಾವ್ ಬಂಗಲೆ ಸೇರೋವಾಗ ಕತ್ಲು. ಬೆಳಗ್ಗೆ ಮೊದಲ್ನೇ ಬಸ್ಸಿಗೇ ಇಳಿಯೋದು ಅಂತ ದೊಡ್ಡಮ್ಮ ನಿದ್ದೇನೇ ಮಾಡಿರ್ಲಿಲ್ಲ. ಈಗ ನೋಡಿದ್ರೆ ಗೇಟಿಗೆ ಬೀಗ.

ಮ್ಯಾನೇಜರ್ ಕಾರ್ತಿಕೇಯನ್ ದೊಡ್ಡಮ್ಮನ ಕಡೆ ಬೆರಳ್ ತೋರ್ಸಿದ. "ನೆನ್ನೆ ರಾತ್ರಿ ಈ ಅಮ್ಮನೇ ದೀಪ ಹಚ್ಚಿ ಕೈಮುಗಿದ್ರು. ಕಿಟಕೀಲಿ ಕಣ್ಣಾರೆ ಕಂಡೆ."

"ಬಸ್ಸಲ್ಲಿ ಬರೋರಿಗೆ ಈ ಬಂಗಲೆ ಯಾಕೆ ಅಂತ ಬುಕ್ ಮಾಡ್ದಾಗ್ಲೇ ಅನ್ಕೊಂಡೆ," ಅಂದ್ಳು ಅರ್ಚನಾ.

"ಅಲಾ, ಯಾರನ್ನ ಕಳ್ಳಿ ಅಂತೀಯಾ?" ಅಂತ ನಾನ್ ನುಗ್ಗೋಕ್ ಓದೆ. ಚಿಕ್ಕಮ್ಮ ನನ್ ಜಡೆ ಇಡ್ದು ಎಳೆದ್ರು. "ಸುಮ್ನಿರೇ. ಟಾರ್ಚ್ ಹಾಕು."

ದೇವರ ಕೋಣೆ ಹೊಸ್ತಿಲ ಈಚೇನೇ ನಿಂತು, ನನ್ ಫೋನ್ ಬೆಳಕಲ್ಲಿ ಚಿಕ್ಕಮ್ಮ ದೀಪ ಇಡೋ ಕಲ್ಲು ನೋಡಿದ್ರು. ಕಲ್ ಮೇಲೆ ಈ ತುದಿಯಿಂದ ಆ ತುದಿಗಂಟ ಒಂದೇ ಸಮ ಧೂಳು.

"ಎಲ್ರೂ ಜಗಲಿಗ್ ಬನ್ನಿ. ಆಚೆ ನಿಂತಿರೋರಿಗೂ ಕೇಳ್ಬೇಕು," ಅಂದ್ರು.

ಎಲ್ರೂ ಸೇರಿದ್ರು. ಚಿಕ್ಕಮ್ಮ ಮೆಲ್ಲಗೆ ಶುರು ಮಾಡಿದ್ರು. "ಬಸ್ಸಲ್ಲೇ ನಮ್ಗೆ ಪುರುಡು ಬಂತು. ಮನೇಲಿ ಮಗು ಹುಟ್ಟಿದ್ರೆ ಹತ್ತು ದಿನ ದೇವರ ದೀಪ ಮುಟ್ಟಂಗಿಲ್ಲ, ಆ ಕೋಣೆಗೆ ಕಾಲೇ ಇಡಂಗಿಲ್ಲ. ನಮ್ಮಕ್ಕ ದೀಪ ಹಚ್ಚಿದ್ಳಾ?"

ಗೇಟಾಚೆ ಹೆಂಗಸ್ರು "ಅದೆಂಗಾಗುತ್ತೆ!" ಅಂದ್ರು.

"ಪುರುಡು ಅಂತ ನೀವೇ ಹೇಳ್ಬೇಕು," ಅಂದ್ಳು ಅರ್ಚನಾ.

"ನಾವ್ ಹೇಳೋದ್ ಬೇಡ, ಧೂಳು ಹೇಳುತ್ತೆ. ನೆನ್ನೆಗಂಟ ದೀಪ ಅಲ್ಲೇ ಕೂತಿದ್ರೆ ಅದರಡೀಲಿ ಗುಂಡಗೆ ಗುರುತಿರ್ಬೇಕಿತ್ತು. ಇಲ್ಲ. ನಾವ್ ಬರೋಕ್ ಎಷ್ಟೋ ದಿನ ಮುಂಚೇನೇ ದೀಪ ಓಗೈತೆ."

"ಹಂಗಾದ್ರೆ ಮುಂಚೆ ಬಂದೋರ್ಯಾರೋ..." ಅಂತ ಅರ್ಚನಾ ರಾಗ ಎಳೆದ್ಳು.

"ಇರ್ಬೋದು. ಆದ್ರೆ ಇಲ್ದಿರೋ ದೀಪ ಉರಿದಿದ್ದನ್ನ ಇವನು ಕಣ್ಣಾರೆ ಹೆಂಗ್ ಕಂಡ? ಅದು ಓಗಿರೋದು ಗೊತ್ತಿದ್ದು ಮುಚ್ಚಿಟ್ಟೋನು ಇವನೊಬ್ಬನೇ. ನೀನು ಬರ್ತೀಯ ಅಂದ್ಕೂಡ್ಲೇ ತಲೆಗ್ ಕಟ್ಟೋಕೆ ಬಸ್ಸಲ್ ಬಂದೋರ್ ಸಿಕ್ಕಿದ್ರು."

ಕಾರ್ತಿಕೇಯನ್ ಮುಖ ಸುಣ್ಣ ಬಳಿದಂಗಾಯ್ತು. "ಅಡ ಇಟ್ಟಿದೀನಿ ಮೇಡಂ... ಬಿಡ್ಸ್ಕೊಂಡ್ ಬರ್ತೀನಿ..."

ಅರ್ಚನಾ ದೊಡ್ಡಮ್ಮನ ಹತ್ರ ಬಗ್ಗಿ, "ಸಾರಿಮ್ಮಾ," ಅಂತ ಪಿಸುಗುಟ್ಟಿದ್ಳು.

ಜಗಲೀಲಿ ಕೂತಿದ್ದ ದೊಡ್ಡಮ್ಮ ಎದ್ದು ನಿಂತ್ರು. "ಕಳ್ಳಿ ಅನ್ನೋವಾಗ ಬೆಟ್ಟಕ್ಕೇ ಕೇಳೋ ಹಂಗ್ ಕೂಗ್ದೆ. ಈಗ ಯಾಕ್ ತಾಯಿ ಕಿವೀಲಿ ಊದ್ತೀಯ? ನನ್ ಮೊಮ್ಮಗಳ ಮುಖ ನಾನು ಕಳ್ಳಿಯಾಗಿ ನೋಡಲ್ಲ. ಕೂಗು."

ಅರ್ಚನಾ ಗೇಟಾಚೆ ನಿಂತಿದ್ದೋರ್ನ ನೋಡಿದ್ಳು, ನೆಲ ನೋಡಿದ್ಳು. ಆಮೇಲೆ ಕೂಗಿದ್ಳು, "ಈ ಅಮ್ಮ ಕದ್ದಿಲ್ಲ! ತಪ್ಪು ನಂದು!"

ದೊಡ್ಡಮ್ಮ ಚಪ್ಪಲಿ ಮೆಟ್ಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದೇಬಿಟ್ರು. ಗೇಟ್ ತೆಗೆಯೋಕೆ ಅರ್ಚನಾನೇ ಮುಂದೆ ಓಡ್ಬೇಕಾಯ್ತು.