ಸೋಮವಾರ ಬಾರದ ದೋಣಿ

ಬಾಗಿಲು ತಳ್ಳಿ ಒಳಗೆ ಬಂದವನನ್ನು ನೋಡಿ ವೆಲಿಟಾ ಮೊಂತೇರೊ ಎದ್ದು ನಿಲ್ಲಲಿಲ್ಲ. ಎದ್ದರೆ ಅವನಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತದೆ.

ಮೂರು ವರ್ಷ... ಈ ಮೂರು ವರ್ಷದಲ್ಲಿ ಆ ಮುಖಕ್ಕೆ ಮನಸ್ಸಿನಲ್ಲೇ ಎಷ್ಟು ಸಲ ಹೊಡೆದಿದ್ದಾಳೋ ಅವಳಿಗೇ ನೆನಪಿಲ್ಲ. ಈಗ ಅದೇ ಮುಖ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದೆ!

ದುಬೈಯ ಅಲ್ ಮುರಕ್ಕಬಾತ್‌ನ ಆ ಸಣ್ಣ ಟ್ರಾವೆಲ್ ಆಫೀಸಿನ ಯಜಮಾನರಾದ ಜೆರಾಲ್ಡ್ ಸರ್‌ಗೆ ಇದರ ಗಂಧಗಾಳಿಯೂ ಇಲ್ಲ. ಅವರು ಖುಷಿಯಲ್ಲೇ ಪರಿಚಯ ಮಾಡಿಸಿದರು. ಇವರು ಬಾಳಪ್ಪ ಹೂಗಾರ, ಬರ್ ದುಬೈಯಲ್ಲಿ ಒಂದು ಟೂರ್ ಕಂಪೆನಿಯಲ್ಲಿದ್ದಾರೆ, ಊರು ಜಮಖಂಡಿ ಕಡೆ. ಸೆಪ್ಟೆಂಬರಿನಲ್ಲಿ ಹದಿನಾಲ್ಕು ಜನರನ್ನು ಹಾಲೆಂಡಿಗೆ ಕರೆದುಕೊಂಡು ಹೋಗುತ್ತಾರೆ. ಬಸ್ಸಿನಲ್ಲಿ ಸುತ್ತುವ ಟೂರಲ್ಲ. ಆರು ದಿನ ಕಾಲ್ನಡಿಗೆ, ಹಳ್ಳಿಯಿಂದ ಹಳ್ಳಿಗೆ, ನದಿಯ ಒಡ್ಡಿನ ಮೇಲೆ, ಹಳೆಯ ಕೋಟೆಗಳ ನಡುವೆ. ದಾರಿಯ ಕೈಪುಸ್ತಕ ಬರೆದುಕೊಡಬೇಕಾದದ್ದು ವೆಲಿಟಾ.

"ಅರಾಮ ಅದೀರಿ?" ಎಂದ ಬಾಳಪ್ಪ, ಮೆಲ್ಲಗೆ.

ಲ್ಯಾಪ್‌ಟಾಪಿನಲ್ಲಿ ಇಲ್ಲದ ಕೆಲಸವನ್ನು ಹುಡುಕಿದಳು.

"ಮುಖಪುಟದಾಗ ನಿಮ್ಮ ಹೆಸರು ದೊಡ್ಡದಾಗಿ ಹಾಕಸ್ತೀನ್ರಿ," ಎಂದ ಅವನು ಮತ್ತೆ. "ಅದೊಂದ ನನ್ನ ಶರತ್ತು."

ಗೇಲಿ ಮಾಡುತ್ತಿದ್ದಾನಾ? ಇಷ್ಟು ಧೈರ್ಯವಾ ಇವನಿಗೆ?

"ನನ್ನ ಹೆಸರು ಬೇಡ," ಎಂದಳು ವೆಲಿಟಾ. "ನಿಮ್ಮದೇ ಹಾಕಿ. ನಿಮಗೆ ಅಭ್ಯಾಸ ಉಂಟಲ್ಲ."

ಜೆರಾಲ್ಡ್ ಸರ್ ನಕ್ಕರು, ಯಾವುದೋ ಹಳೆಯ ತಮಾಷೆ ಇರಬೇಕು ಎಂದುಕೊಂಡು. ಬಾಳಪ್ಪ ನಗಲಿಲ್ಲ. ತಲೆ ತಗ್ಗಿಸಿ ಚಹಾ ಕುಡಿದ.

ಆ ಹೆಸರಿನ ಕತೆ ಇಷ್ಟು.

ಮೂರು ವರ್ಷದ ಹಿಂದೆ ಇಬ್ಬರೂ ದೇರಾ ಬಡಾವಣೆಯ ಇನ್ನೊಂದು ಟೂರ್ ಕಂಪೆನಿಯಲ್ಲಿದ್ದರು. ಕಂಪೆನಿ ವೆಲಿಟಾಳನ್ನು ಒಬ್ಬಳೇ ಹಾಲೆಂಡಿಗೆ ಕಳಿಸಿತ್ತು. ಒಂಬತ್ತು ದಿನ ಅವಳು ವಾಲ್ ನದಿಯ ದಂಡೆಯಲ್ಲಿ ನಡೆದಳು. ಒಂದು ಕಡೆ ನದಿ, ಇನ್ನೊಂದು ಕಡೆ ನದಿಗಿಂತ ತಗ್ಗಿನಲ್ಲಿ ಕೂತ ಊರುಗಳು, ನಡುವೆ ಎತ್ತರದ ಮಣ್ಣಿನ ಒಡ್ಡು, ಅದರ ಮೇಲೆ ಮೇಯುವ ಕುರಿಗಳು. ನಕ್ಷತ್ರದ ಆಕಾರದ ಕೋಟೆಗಳು, ಸುತ್ತ ನೀರಿನ ಕಂದಕ. ದಾರಿ ಕವಲಾಗುವಲ್ಲೆಲ್ಲ ನಂಬರ್ ಬರೆದ ಕಂಬ. ಯಾವ ಕಂಬದಲ್ಲಿ ಎಡಕ್ಕೆ, ಎಲ್ಲಿ ಬೆಂಚು, ಎಲ್ಲಿ ಟಾಯ್ಲೆಟ್, ಎಲ್ಲಿ ಗಾಳಿಗೆ ಟೋಪಿ ಹಾರುತ್ತದೆ, ಎಲ್ಲವನ್ನೂ ಕೈಯಲ್ಲೇ ಬರೆದುಕೊಂಡು ಬಂದಳು. ಆ ದಾರಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಾಗೆ.

ಅದನ್ನು ಪುಸ್ತಕ ಮಾಡಲು ಜೊತೆಗೆ ಕೂತವನು ಬಾಳಪ್ಪ. ಮಧ್ಯಾಹ್ನ ಅವನ ಡಬ್ಬಿಯ ಶೇಂಗಾ ಚಟ್ನಿ ಅವಳ ತಟ್ಟೆಗೆ, ಅವಳ ನೀರ್‌ದೋಸೆ ಅವನ ತಟ್ಟೆಗೆ. ಸಂಜೆ ಇಬ್ಬರೂ ಆಬ್ರಾ ದೋಣಿಯಲ್ಲಿ ಊರ ನಡುವಿನ ಕ್ರೀಕ್ ಎಂಬ ಹಿನ್ನೀರು ದಾಟುತ್ತಿದ್ದರು, ಆಚೆ ಕಡೆ ಏನೂ ಕೆಲಸ ಇಲ್ಲದಿದ್ದರೂ. ಇನ್ನೊಂದು ವಾರವಾದರೆ ಅವಳೇ ಬಾಯಿಬಿಟ್ಟು ಹೇಳುವವಳಿದ್ದಳು.

ಅಷ್ಟರಲ್ಲಿ ಮಂಗಳೂರಿನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು.

ಪಾಸ್‌ಪೋರ್ಟ್ ಇದ್ದದ್ದು ಮ್ಯಾನೇಜರನ ಬೀರುವಿನಲ್ಲಿ. ನೌಕರರ ಪಾಸ್‌ಪೋರ್ಟನ್ನು ಕಂಪೆನಿ ಇಟ್ಟುಕೊಳ್ಳುವುದು ಕಾನೂನಿನಲ್ಲಿಲ್ಲ, ಆದರೂ ಆ ಬೀರು ಅಲ್ಲಿತ್ತು. ಪುಸ್ತಕ ಮುಗಿಯುವವರೆಗೆ ರಜೆ ಇಲ್ಲ ಎಂದು ಮ್ಯಾನೇಜರ್ ಬೆಳಿಗ್ಗೆ ಹೇಳಿದ್ದ. ಮಧ್ಯಾಹ್ನ ಅದೇನಾಯಿತೋ, ಪಾಸ್‌ಪೋರ್ಟ್ ಅವಳ ಕೈಗೆ ಬಂತು. ದೇವರು ಅವನಿಗೆ ಒಳ್ಳೆ ಬುದ್ಧಿ ಕೊಟ್ಟ ಎಂದುಕೊಂಡು ಅವಳು ವಿಮಾನ ಹತ್ತಿದಳು.

ಆರು ತಿಂಗಳ ನಂತರ, ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಾಗ ಯಾರೋ ವಾಟ್ಸಾಪಿನಲ್ಲಿ ಪುಸ್ತಕದ ಮುಖಪುಟ ಕಳಿಸಿದರು. ಅವಳ ಒಡ್ಡು, ಅವಳ ಕೋಟೆ, ಅವಳ ಕುರಿಗಳು. ಕೆಳಗೆ ಒಂದೇ ಹೆಸರು. ಬಾಳಪ್ಪ ಹೂಗಾರ.

ಅವಳು ಅಳಲಿಲ್ಲ. ಅವನ ನಂಬರನ್ನು ಬ್ಲಾಕ್ ಮಾಡಿ, ಗಂಜಿ ಕುಡಿಸಿ ಮುಗಿಸಿದಳು. ಅವಳು ಊರಿಗೆ ಬಂದ ಎಂಟು ತಿಂಗಳಿಗೆ ಅಪ್ಪ ತೀರಿಕೊಂಡರು. ಆಮೇಲೆ ಹೊಸ ವೀಸಾದಲ್ಲಿ ಜೆರಾಲ್ಡ್ ಸರ್ ಹತ್ತಿರ ಕೆಲಸಕ್ಕೆ ಬಂದಳು. ಪ್ರೀತಿ ಇದ್ದ ಜಾಗದಲ್ಲಿ ಒಂದೇ ಮಾತು ಉಳಿದಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಈಗ ಕುಡಿಸುವ ಕಾಲ ಬಂತು.

ನಾಲ್ಕು ದಿನ ಕೂತು ಆರು ದಿನದ ದಾರಿ ಬರೆದಳು. ಐದು ದಿನದ ದಾರಿ ಚಿನ್ನದಂಥದ್ದು. ನಾಲ್ಕನೆಯ ದಿನ, ಸೋಮವಾರ, ಮಾತ್ರ ಒಂದು ಸಾಲು ತಿರುಚಿದಳು. ಅಲ್ಲೊಂದು ಸಣ್ಣ ಹಳ್ಳಿಯ ಕಡವು. ನಡೆದು ಬಂದವರನ್ನು ಆಚೆ ದಡದ ಕೋಟೆಗೆ ದಾಟಿಸುವ ಪುಟ್ಟ ದೋಣಿ. ಆ ದೋಣಿಗೆ ಸೋಮವಾರ ರಜೆ. ವೆಲಿಟಾ ಬರೆದಳು, 'ಬೆಳಿಗ್ಗೆ ಹತ್ತಕ್ಕೆ ದೋಣಿ.'

ದುಬೈಯವರಿಗೆ ದೋಣಿ ಎಂದರೆ ಆಬ್ರಾ. ಕಾಲಿಟ್ಟರೆ ಹೊರಡುತ್ತದೆ. ವಾರಕ್ಕೊಮ್ಮೆ ಮನೆಯಲ್ಲಿ ಮಲಗುವ ದೋಣಿಯೂ ಉಂಟು ಎಂದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹಳೆಯ ಪುಸ್ತಕದ ಒಂದು ಸಾಲು ಕದ್ದವನಿಗೆ ಎಲ್ಲಿ ನೆನಪಿರುತ್ತದೆ? ಹತ್ತಿರದ ಸೇತುವೆ ಹನ್ನೊಂದು ಕಿಲೋಮೀಟರ್ ಆಚೆ. ಹದಿನಾಲ್ಕು ಜನ ಒಡ್ಡಿನ ಮೇಲೆ ಗಾಳಿಗೆ ನಿಂತು ಅವನನ್ನು ಬೈಯಬೇಕು. ಮುಖಪುಟದ ಹೆಸರು ಅವನದೇ. ಅವನ ಕಂಪೆನಿ ಅವನನ್ನು ಕೆಲಸದಿಂದ ಖಲಾಸ್ ಮಾಡಬೇಕು.

ಕಳಿಸುವ ಬಟನ್ ಒತ್ತುವಾಗ ಬೆರಳು ಒಂದು ಗಳಿಗೆಯೂ ತಡೆಯಲಿಲ್ಲ. ಸೇಡಿಗೆ ಅಂಥ ಧೈರ್ಯ ಇರುತ್ತದೆ.

ಆ ಸೋಮವಾರ ಬಂತು. ಅಲ್ಲಿ ಹತ್ತು ಗಂಟೆಯಾದರೆ ಇಲ್ಲಿ ಹನ್ನೆರಡು. ಬೆಳಿಗ್ಗೆಯಿಂದ ವೆಲಿಟಾಳ ಕಣ್ಣು ಗೋಡೆಯ ಗಡಿಯಾರದ ಮೇಲೆ. ಹನ್ನೊಂದಾಯಿತು. ಈಗ ಹಳ್ಳಿ ದಾಟಿರುತ್ತಾರೆ. ಹನ್ನೊಂದೂ ಕಾಲು. ಈಗ ಒಡ್ಡು ಹತ್ತುತ್ತಿರಬೇಕು... ಅವಳಿಗೆ ಹಸಿವೆಯೇ ಇರಲಿಲ್ಲ, ಅಷ್ಟು ಸಂತೋಷ.

ಆಗ ಟಿಕೆಟ್ ವಿಚಾರಿಸಲು ಒಬ್ಬ ಹೆಂಗಸು ಬಂದರು. ಪ್ಯಾಟ್ರಿಶಿಯಾ ಬಾಯಿ, ಕಲ್ಯಾಣಪುರದವರು, ಹಳೆಯ ಕಂಪೆನಿಯಲ್ಲಿ ಮ್ಯಾನೇಜರನ ಸೆಕ್ರೆಟರಿಯಾಗಿದ್ದವರು. ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರಂತೆ. ಅಪ್ಪನ ಸುದ್ದಿ ಕೇಳಿದರು. ಎಂಟು ತಿಂಗಳು ಜೊತೆಗಿದ್ದೆ ಎಂದು ವೆಲಿಟಾ ಹೇಳಿದಳು.

"ಅದಾದರೂ ಸಿಕ್ಕಿತಲ್ಲ ನಿಮಗೆ," ಎಂದರು ಪ್ಯಾಟ್ರಿಶಿಯಾ ಬಾಯಿ. "ಆ ಹುಡುಗನ ಪುಣ್ಯ."

"ಯಾವ ಹುಡುಗ?"

"ಬಾಳಪ್ಪ. ನಿಮ್ಮದು ಬಿಡಿಸಲಿಕ್ಕೆ ಅವರು ತಮ್ಮ ಪಾಸ್‌ಪೋರ್ಟ್ ಇಟ್ಟದ್ದಲ್ಲವಾ. ನಿಮಗೆ ಗೊತ್ತಿಲ್ಲವಾ?"

ವೆಲಿಟಾಳ ಕೈ ಕೀಬೋರ್ಡಿನ ಮೇಲೆಯೇ ಉಳಿಯಿತು.

ಗಲ್ಫಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಪದ್ಧತಿ ಗೊತ್ತು. ತುರ್ತಿಗೆ ಊರಿಗೆ ಹೋಗುವವರ ಪಾಸ್‌ಪೋರ್ಟ್ ಬಿಡಬೇಕಾದರೆ ಇನ್ನೊಬ್ಬರು ತಮ್ಮದನ್ನು ಜಾಮೀನು ಇಡಬೇಕು. ಹೋದವರು ಬಂದರೆ ಇವರದು ಬಿಡುಗಡೆ. ಬಾರದಿದ್ದರೆ ಇಲ್ಲ. ಪ್ಯಾಟ್ರಿಶಿಯಾ ಬಾಯಿ ಒಂದೊಂದಾಗಿ ಹೇಳಿದರು. ವೆಲಿಟಾ ತಿರುಗಿ ಬರಲಿಲ್ಲ, ಹಾಗಾಗಿ ಬಾಳಪ್ಪನ ಪಾಸ್‌ಪೋರ್ಟ್ ಅವನ ಕರಾರು ಮುಗಿಯುವವರೆಗೆ, ಹತ್ತು ತಿಂಗಳು, ಬೀರುವಿನಲ್ಲೇ ಇತ್ತು. ಪುಸ್ತಕ ಅವನೇ ಮುಗಿಸಬೇಕಾಯಿತು. ಓಡಿಹೋದವಳ ಹೆಸರು ಬೇಡ ಎಂದು ಮ್ಯಾನೇಜರ್ ಅವನ ಹೆಸರು ಹಾಕಿಸಿದ. ಬಾಳಪ್ಪ ಜಗಳ ಮಾಡಿದ, ನಡೆಯಲಿಲ್ಲ.

"ಅವರನ್ನು ಸಾಕಿದ ಅಜ್ಜಿ ಇದ್ದರಲ್ಲ, ಬಸಲಿಂಗವ್ವ," ಎಂದರು ಪ್ಯಾಟ್ರಿಶಿಯಾ ಬಾಯಿ. ಧ್ವನಿ ಸಣ್ಣದಾಯಿತು. "ಅವರು ತೀರಿಹೋದ ದಿನ ಬಾಳಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು. ಏನೂ ಕೇಳಲಿಲ್ಲ. ಬೀರುವಿನ ಕೀ ನನ್ನ ಡ್ರಾಯರಿನಲ್ಲೇ ಇತ್ತು, ವೆಲಿಟಾ. ನಾನು ಕೊಡಲಿಲ್ಲ."

ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

ಅಯ್ಯೋ ದೇವರೇ... ಅಪ್ಪನ ತಲೆದೆಸೆಯಲ್ಲಿ ಕೂತ ಒಂದೊಂದು ದಿನವೂ ಅವನು ಕೊಟ್ಟದ್ದು. ಅದೇ ಮಂಚದ ಪಕ್ಕ ಕೂತು ಅವಳು ಅವನಿಗೆ ಶಾಪ ಹಾಕಿದ್ದಳು! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಇದು ಕೊಯ್ಯಲು ಇನ್ನೂ ಹದಿನೈದು ನಿಮಿಷ ಬಾಕಿ ಇರುವ ಮೂಗು.

ವೆಲಿಟಾ ಎದ್ದು ನೇರ ಜೆರಾಲ್ಡ್ ಸರ್ ಕ್ಯಾಬಿನ್ನಿಗೆ ಹೋದಳು. ಮರೆತೆ ಎನ್ನಬಹುದಿತ್ತು, ಟೈಪಿಂಗ್ ತಪ್ಪು ಎನ್ನಬಹುದಿತ್ತು. ಅವಳು ಎರಡೂ ಹೇಳಲಿಲ್ಲ. ಬೇಕೆಂದೇ ತಪ್ಪು ಬರೆದೆ ಎಂದಳು. ಜೆರಾಲ್ಡ್ ಸರ್ ಮುಖ ಕಪ್ಪಿಟ್ಟಿತು. ಹದಿನಾಲ್ಕು ಜನರಲ್ಲಿ ಇಬ್ಬರಿಗೆ ಅರವತ್ತು ದಾಟಿದೆ, ಗೊತ್ತುಂಟಾ ಎಂದು ಕೇಳಿದರು. ಇನ್ನು ಮುಂದೆ ಅವಳು ಬರೆದ ದಾರಿ ಈ ಆಫೀಸಿನಿಂದ ಹೊರಗೆ ಹೋಗುವುದಿಲ್ಲ ಎಂದರು. ಅವಳು ಒಪ್ಪಿಕೊಂಡಳು. ಸರ್ ಫೈಲಿನಲ್ಲಿದ್ದ ಬಾಳಪ್ಪನ ತುರ್ತು ನಂಬರನ್ನು ಚೀಟಿಯಲ್ಲಿ ಬರೆದು ಅವಳ ಕಡೆ ತಳ್ಳಿದರು.

ಮೊದಲ ಸಲ ಲೈನ್ ಸಿಗಲಿಲ್ಲ. ಎರಡನೆಯ ಸಲವೂ ಇಲ್ಲ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಅವನು ಎತ್ತಿದ. ಹಿಂದೆ ಜೋರು ಗಾಳಿ.

"ಬಾಳಪ್ಪ, ನಾನು ವೆಲಿಟಾ. ಜನರನ್ನು ಕಡವಿಗೆ ಕರೆದುಕೊಂಡು ಹೋಗಬೇಡಿ. ಇವತ್ತು ದೋಣಿ ಇಲ್ಲ. ನಾನು ಬೇಕೆಂದೇ..."

"ಗೊತ್ತದರಿ."

"ಎಂತ ಗೊತ್ತುಂಟು?"

"ಸೋಮವಾರ ದೋಣಿ ಇಲ್ಲ ಅಂತ. ಆ ಪುಸ್ತಕ ನಾಕು ಸಲ ಟೈಪ್ ಮಾಡೀನ್ರಿ ನಾ. ನಿಮ್ಮ ಒಂದೊಂದು ಸಾಲೂ ಬಾಯಿಪಾಠ ಅದ. ಮಂದಿನ್ನ ಬಸ್ಸಿನಾಗ ಸೇತುವಿ ಮ್ಯಾಲಿಂದ ಕೋಟಿಗೆ ಕಳಿಸೀನಿ. ಆರಾಮ ಮುಟ್ಯಾರ."

ಅವಳ ಉಸಿರು ಈಚೆ ಬಂತು. ಆಮೇಲೆ ಒಂದು ವಿಷಯ ಹೊಳೆಯಿತು.

"ಹಾಗಾದರೆ ಗಾಳಿ ಯಾಕೆ ಕೇಳುತ್ತದೆ? ನೀವು ಎಲ್ಲಿದ್ದೀರಿ?"

"ಕಡವಿನ್ಯಾಗ."

"ದೋಣಿ ಇಲ್ಲ ಅಂತ ಗೊತ್ತಿದ್ದೂ?"

"ಹತ್ತಕ್ಕ ನನ್ನ ಇಲ್ಲಿ ನಿಂದ್ರಸಬೇಕು ಅಂತ ನಿಮಗ ಮನಸ್ಸಿತ್ತಲ್ರಿ. ಅದಕ ನಿಂತೀನಿ. ಅಷ್ಟರ ಸಿಟ್ಟು ಇಳೀಲಿ ಅಂತ."

ವೆಲಿಟಾ ಮೆಟ್ಟಿಲ ಬಳಿಗೆ ಬಂದು ಕೂತಳು. ಮೂರು ವರ್ಷ ತಡೆದಿಟ್ಟ ಅಳು ಆಗ ಬಂತು, ಆಫೀಸಿನವರು ನೋಡಿದರೂ ಪರವಾಗಿಲ್ಲ ಎನ್ನುವಂತೆ. ಆ ಅಳುವಿನಲ್ಲೂ ಸಿಟ್ಟಿತ್ತು. ಈ ಸಲ ಸಿಟ್ಟು ಬಂದದ್ದು ಅವನ ಮೌನದ ಮೇಲೆ.

"ಪಾಸ್‌ಪೋರ್ಟಿನ ವಿಷಯ ಯಾಕೆ ಹೇಳಲಿಲ್ಲ ನೀವು? ಆರು ತಿಂಗಳು ನಿಮ್ಮ ನಂಬರ್ ನನ್ನ ಹತ್ತಿರ ಇತ್ತು. ವಾರ ವಾರ ಫೋನ್ ಮಾಡುತ್ತಿದ್ದಿರಿ. ಒಂದು ಮಾತು ಹೇಳಿದ್ದರೆ..."

"ಹೇಳಿದ್ರ ಏನ್ ಮಾಡ್ತಿದ್ರಿ?"

"ಮರುದಿನವೇ ಬರುತ್ತಿದ್ದೆ."

"ಅಪ್ಪನ್ನ ಬಿಟ್ಟು ಬರ್ತಿದ್ರಿ," ಎಂದ ಬಾಳಪ್ಪ. "ಅದಕ ಹೇಳಲಿಲ್ಲ."

ವೆಲಿಟಾ ಕಣ್ಣು ಮುಚ್ಚಿಕೊಂಡಳು. ಇವನನ್ನಾ ತಾನು ನದಿಯ ದಂಡೆಯಲ್ಲಿ ಒಂಟಿಯಾಗಿ ನಿಲ್ಲಿಸಲು ಹೊರಟದ್ದು?

"ನಿಮ್ಮ ಅಜ್ಜಿಯ ವಿಷಯ ಇವತ್ತು ಗೊತ್ತಾಯಿತು," ಎಂದಳು.

ಅವನು ಹೂಂ ಎಂದ, ಅಷ್ಟೆ.

"ಅವರನ್ನು ಮಣ್ಣು ಮಾಡಿದ ಜಾಗಕ್ಕೆ ನಾನು ಒಮ್ಮೆ ಹೋಗಬೇಕು. ಕ್ಷಮೆ ಕೇಳಬೇಕು. ಕರೆದುಕೊಂಡು ಹೋಗುತ್ತೀರಾ?"

"ಊರಾಗ ಮಂದಿ ಕೇಳ್ತಾರ್ರಿ, ಯಾರಪಾ ಇವರು ಅಂತ. ಏನ್ ಹೇಳ್ಲಿ?"

"ಮೂರು ವರ್ಷದ ಹಿಂದೆ ಕೇಳಿದ್ದರೆ ಏನು ಹೇಳುತ್ತಿದ್ದಿರಿ?"

"ನನ್ನ ಹೇಣ್ತಿ ಆಗಾಕಿ ಅಂತಿದ್ದೆ," ಎಂದ ಅವನು. ಒಮ್ಮೆಲೇ ಹೇಳಿಬಿಟ್ಟ, ಮೂರು ವರ್ಷದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದನ್ನು.

"ಅದನ್ನೇ ಹೇಳಿ."

ಆ ಕಡೆ ಗಾಳಿ ಮಾತ್ರ. ಲೈನ್ ಹೋಯಿತೇನೋ ಎಂದು ಅವಳಿಗೆ ಭಯವಾಯಿತು.

"ಬಾಳಪ್ಪ... ಇದ್ದೀರಾ?"

"ಅದೀನ್ರಿ. ಈ 'ನೀವು' ಅನ್ನೂದು ಮದಲ ಬಿಡ್ರಿ ಹಂಗಾರ."

"ಬಿಟ್ಟೆ," ಎಂದಳು ವೆಲಿಟಾ, ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಕಣ್ಣೊರೆಸಿಕೊಂಡು. "ಈಗ ನಡಿ ಮಾರಾಯ. ಸೇತುವೆ ದೂರ ಉಂಟು. ನದಿ ಎಡಕ್ಕಿರಲಿ."

"ಹನ್ನೊಂದು ಕಿಲೋಮೀಟರ್, ಒಬ್ಬನ ನಡೀಬೇಕಾ?"

"ಯಾರು ಹೇಳಿದ್ದು ಒಬ್ಬನೇ ಅಂತ? ಫೋನ್ ಇಡಬೇಡ."